ಅಂಬಿಗಿತ್ತಿ ಮಾತಾಡುವುದಿಲ್ಲ

ಸೇರುವ ಮೊದಲು ತುಂಬಬೇಕಾದ್ದು ಇಷ್ಟು:
ಪಾತ್ರದ ಹೆಸರು, ಕುಲ, ವಯಸ್ಸು (ಸಾವಿರ ದಾಟಿದರೂ ಸರಿ),
ಆಯುಧ, ವಿದ್ಯೆ, ದೌರ್ಬಲ್ಯ.
ಕುಲ ಅಂದರೆ ಆ ಕುಲ ಅಲ್ಲ ಮಾರಾಯ್ತಿ,
ಗವಿಯವರೋ, ಗಾಳಿಯವರೋ, ಕಲ್ಲುಮೈಯವರೋ ಅಂತ,
ಎಂದು ನಕ್ಕಳು ನನ್ನನ್ನು ಸೇರಿಸಿದ ಸಫೂರಾ.
ಹಗಲು ಗಾಂಧಿ ಬಜಾರಿನಲ್ಲಿ ಬಳೆ ತೊಡಿಸುವವಳು
ಅಲ್ಲಿ ರಕ್ಕಸರ ರಾಣಿ.

ನಾನು ಶಿವಮೊಗ್ಗ ಬಸ್ ನಿಲ್ದಾಣದ ದನಿ.
ನಾಲ್ಕರಲ್ಲಿ ತೀರ್ಥಹಳ್ಳಿ ಕೊಪ್ಪ ಶೃಂಗೇರಿ,
ಏಳರಲ್ಲಿ ಆನಂದಪುರ ಸಾಗರ ತಾಳಗುಪ್ಪ,
ಕೆಂಪು ಸ್ವೆಟರಿನ ಮಗು ಸಿಕ್ಕಿದೆ, ಹೆಸರು ಹೇಳುತ್ತಿಲ್ಲ,
ಸಂಬಂಧಪಟ್ಟವರು ದಯವಿಟ್ಟು...
ದಿನಕ್ಕೆ ಎಂಟು ಗಂಟೆ. ಹನ್ನೊಂದು ವರ್ಷ.
ಊರಿಗೆಲ್ಲ ದನಿ ಗೊತ್ತು, ಮುಖ ಯಾರಿಗೂ ಇಲ್ಲ.
ಸಂತೆಯಲ್ಲಿ ಬಂಗುಡೆಗೆ ಚೌಕಾಸಿ ಮಾಡಿದರೆ
ಹಿಂದೆ ನಿಂತವರು ತಟ್ಟನೆ ಚೀಲ ಎತ್ತಿಕೊಳ್ಳುತ್ತಾರೆ,
ಬಸ್ಸು ಬಂತೇನೋ ಎಂದು.

ಹಾಗಾಗಿ ಬರೆದೆ.
ಹೆಸರು: ಮಳಲಿ.
ಕುಲ: ಎರಡು ದಡಕ್ಕೂ ಸೇರದವರು.
ವಯಸ್ಸು: ಮುನ್ನೂರ ನಲವತ್ತೊಂದು.
ಆಯುಧ: ದೋಣಿ ನೂಕುವ ಬಿದಿರು ಗಳ.
ವಿದ್ಯೆ: ಬಣ್ಣ ನೋಡಿ ನೀರಿನ ಆಳ ಹೇಳುವುದು.
'ಹೇಳುವುದು' ಹೊಡೆದು ಹಾಕಿ 'ಅರಿಯುವುದು' ಎಂದೆ,
ಏಕೆಂದರೆ ದೌರ್ಬಲ್ಯ: ಮೂಕಿ.

ಮೂಕಿಯಾದರೆ ಕತೆ ಹೇಗೆ ಮುಂದೆ ಹೋಗುತ್ತೆ ಮೇಡಂ?
ಕೇಳಿದ ಸೂತ್ರಧಾರ, ಭದ್ರಾವತಿಯ ಹುಡುಗ,
ಲೇತ್ ಯಂತ್ರದ ಪಕ್ಕ ನಿಂತು
ಗ್ರೀಸು ಹತ್ತಿದ ಹೆಬ್ಬೆರಳಲ್ಲಿ ಸಾಮ್ರಾಜ್ಯ ಕಟ್ಟುವವನು.
ದೋಣಿ ಹೋದರೆ ಕತೆಯೂ ಹೋಗುತ್ತೆ ಅಂದೆ.
ಒಪ್ಪಿದ. ನಿಯಮ ಕಳಿಸಿದ:

ಒಬ್ಬರ ಪಾತ್ರದ ಕೈಕಾಲನ್ನು ಇನ್ನೊಬ್ಬರು ಆಡಿಸಬಾರದು.
ಅವರ ಮನಸ್ಸಲ್ಲಿ ಏನಿದೆಯೆಂದು ನೀವೇ ಬರೆಯಬಾರದು.
ಕೇಳದೆ ಯಾರನ್ನೂ ಕೊಲ್ಲಬಾರದು.
ಮಂತ್ರ ಹಾಕಿದರೆ, ತಪ್ಪಿಸಿಕೊಳ್ಳಲು
ಎದುರಿನವರಿಗೆ ಒಂದು ಸರದಿ ಬಿಡಬೇಕು.

ಮೂರು ಸಲ ಓದಿದೆ. ಡಬ್ಬಿಯ ಅನ್ನ ಆರಿತು.
ಅಂದು ಹೊಸನಗರದಿಂದ ಜೀಪಿನಲ್ಲಿ ಬಂದು
ನಮ್ಮ ಚಾಪೆ ತುಂಬ ಕೂತ ಹನ್ನೆರಡು ಮಂದಿಯ ಮುಂದೆ
ಯಾರಾದರೂ ಇದನ್ನು ಓದಿದ್ದರೆ
ಎಂದು ಒಂದು ಯೋಚನೆ ಬಂತು. ಅದನ್ನು ಅಲ್ಲೇ ಬಿಟ್ಟು
ಐದೂ ಹತ್ತರ ಹೊಸನಗರದ ಬಸ್ಸು ಕೂಗಿದೆ.

ರಾತ್ರಿ, ಅತ್ತೆಯ ಗೊರಕೆ ಒಂದು ಲಯಕ್ಕೆ ಬಿದ್ದ ಮೇಲೆ,
ಹೊದಿಕೆಯೊಳಗಿನ ಬೆಳಕಲ್ಲಿ ಹೊಳೆ ತೆರೆಯುತ್ತದೆ.
ಗಾಯದ ರಾಣಿಯನ್ನು ದಾಟಿಸಿದ್ದೇನೆ,
ಬಳೆ ಚೂರಾಗದ ಹಾಗೆ, ಒರಗಿಸಿ.
ಶತ್ರುವಿನ ಕುದುರೆಯನ್ನೂ ದಾಟಿಸಿದ್ದೇನೆ.
ಕುದುರೆಗೇನು ಗೊತ್ತು ಪಕ್ಷ.
ಒಂದು ರಾತ್ರಿ ಬೆಂಕಿನಾಲಗೆಯವನು, ಸೊರಬದವನಂತೆ,
ಆತುರದಲ್ಲಿ ಬರೆದುಬಿಟ್ಟ: ಮಳಲಿ ಕಿರುಚಿದಳು.

ಹಾಸಿಗೆಯಲ್ಲಿ ಎದ್ದು ಕೂತೆ.
ಕಿರುಚಲಿಲ್ಲ, ಎಂದು ಬರೆದೆ.
ಅಯ್ಯೋ ಹೌದು, ತಪ್ಪಾಯ್ತು, ಎಂದ. ಅಳಿಸಿದ.
ಅಷ್ಟೇ.
ನನ್ನ ಮೇಲೆ ಬಂದ ಒಂದು ಮಾತು
ನಾನು ಅಲ್ಲ ಅಂದದ್ದಕ್ಕೆ ಹೋಯಿತು.
ಆ ಖಾಲಿ ಜಾಗವನ್ನೇ ನೋಡುತ್ತಿದ್ದೆ
ಬಹಳ ಹೊತ್ತು, ನೀರು ನೋಡುವ ಹಾಗೆ.

ಮೊನ್ನೆ ಇನ್ನೊಂದು ಮಗು. ಸ್ವೆಟರಿಲ್ಲ, ಒಂದೇ ಚಪ್ಪಲಿ.
ಹೆಸರೇನು ಪುಟ್ಟಾ ಅಂತ ಎಲ್ಲರೂ ಕೇಳಿ ಸೋತಿದ್ದರು.
ನಾನು ಕೇಳಲಿಲ್ಲ. ಮೈಕು ಆರಿಸಿದೆ.
ಮೇಜಿನ ಮೇಲಿನ ಗುಂಡುಪಿನ್ನಿನ ಡಬ್ಬಿಯನ್ನು
ಸ್ಕೇಲಿನಿಂದ ಮೆಲ್ಲಗೆ ಅದರ ದಡಕ್ಕೆ ನೂಕಿದೆ.
ನೋಡಿತು. ಒಂದು ಸರದಿ ಬಿಟ್ಟೆ.
ಇನ್ನೊಂದು ಸರದಿ ಬಿಟ್ಟೆ.
ಆಮೇಲೆ ಒಂದು ಬೆರಳು ಬಂದು
ಡಬ್ಬಿಯನ್ನು ಇತ್ತ ನೂಕಿತು.

ಸಾಗರದ ಬಸ್ಸು ಯಾರೂ ಕರೆಯದೆ ಹೊರಟಿತ್ತು.
ಮೆಮೊ ಬಂದಿದೆ. ಅದರಲ್ಲೂ ತುಂಬುವ ಜಾಗಗಳು:
ಹೆಸರು, ಹುದ್ದೆ, ದಿನಾಂಕ, ಕಾರಣ.
ಮೂರು ತುಂಬಿದ್ದೇನೆ.