ಐದು ಚುಕ್ಕಿ

ಬೆಟಗೇರಿಯ ನಮ್ಮ ಓಣಿಗೆಲ್ಲ ಆಗ
ನೆಟ್ಟಗ ನಡಿಯೂ ಫೋನು ಒಂದ, ಅದು ನಂದು.
ಅಂದ್ರ, ಎಸ್ಸೆಲ್ಸಿ ಪಾಠ ಕೇಳಾಕಂತ
ಅಪ್ಪ ಎರಡು ಸೀರಿ ಕೂಲಿ ಮುಂಗಡ ತಂದು ಕೊಡಿಸಿದ್ದು.
ಸಿಗ್ನಲ್ಲು ಮಾಳಿಗಿ ಮ್ಯಾಲೆ, ನೀರಿನ ಟಾಕಿ ಮಗ್ಗಲಕಷ್ಟ.
ಹಿಂಗಾಗಿ ಅಲ್ಲೇ ದವಾಖಾನಿ. ನಾನ ಕಂಪೌಂಡರ.

ನೀಲವ್ವಾಯಿ ಕೆಳಗ ನಿಂತ ವಯಸ್ಸು ಕೂಗಿದ್ಲು:
"ಪ್ಲೇಗು ಹ್ವಾದಮ್ಯಾಲೆ ಹುಟ್ಟೀನಿ, ಅಷ್ಟ ಹಾಕು!"
ತಾರೀಖು ಇಲ್ಲದ ಆ್ಯಪು ಮುಂದ ಬಿಡವಲ್ದು.
ಓಣಿಗೆ ಓಣೀನ ಜನವರಿ ಒಂದಕ್ಕ ಹುಟ್ಟಿಸಿದೆ.
ಒಂದು ನಂಬರಿಗೆ ನಾಕ ಮಂದಿ ಅಂತ ಅದರ ಲೆಕ್ಕ;
ಐದನೇದಾಕಿಗೆ ಇಳಕಲ್ಲಿನ ಅಳಿಯನ ನಂಬರು ಹಾಕಿ
ಆತ ಒಟಿಪಿ ಓದಿ ಹೇಳೂದ್ರೊಳಗ ಟೈಮು ಮುಗೀತು.

ಕೆಮ್ಮು ಇದೆಯೇ, ಅಂತ ಸ್ಕ್ರೀನು.
ಕೆಮ್ಮಿಕೋತನ "ಇಲ್ಲ ಒತ್ತು" ಅಂದ ಪರಪ್ಪಕಾಕಾ.
ಹಿಂದಿನ ಓಣಿಗೆ ತಗಡು ಬಡದದ್ದು ನೋಡಿದ್ವಿ.
ಇದು ಸರಕಾರಕ್ಕ ಹೇಳೂದಿಲ್ಲೇನೋ ಅಂತ ಕೇಳಿದ್ರ
ಏನು ಹೇಳಬೇಕು, ನನಗೂ ಗೊತ್ತಿರಲಿಲ್ಲ.

ಸಾವಂತ್ರೆವ್ವತ್ತಿ ಏಣಿ ಹತ್ತಿದ್ದು ಒಂದ ಕೈಲೆ.
ಎಡಗೈ ಸೆರಗಿನೊಳಗ, ಮೈಗೆ ಅವುಚಿ.
ಇದು ಈಗ ನೆನಪಾಗತೈತಿ.
ಆಗ ನಾ ನೋಡಿದ್ದು ಬ್ಯಾಟರಿ, ಹನ್ನೊಂದು ಪರ್ಸೆಂಟು.
ಡಾಕ್ಟರು ಹೆಣ್ಣಮಗಳು, ಅರ್ಧ ಮುಖ ನೀಲಿ ಬಟ್ಟಿ,
ದನಿ ಹರಕ ಹರಕ: "ಹೇಳಿ ಅಮ್ಮಾ, ಏನು ತೊಂದರೆ?"
ಅತ್ತಿ ಫೋನು ನೋಡಿದ್ಲು.
ಫೋನು ಹಿಡಿದ ನನ್ನ ನೋಡಿದ್ಲು,
ಆಗಷ್ಟ ಮೀಸಿ ಚಿಗುರಿದ್ದ ನನ್ನ.
"ತಲಿ," ಅಂದ್ಲು. "ತಲಿ ನೋಯ್ತೈತ್ರಿ."
ಆಮ್ಯಾಲೆ ನನಗ, "ಒಂದ ತಂಬಿಗಿ ನೀರು ತಾರೋ ಯಪ್ಪಾ."

"ಕೆಂಪು ಗುಂಡಿ ಒತ್ತಬ್ಯಾಡ ಮತ್ತ," ಅಂತ ಹೇಳಿ ಇಳದೆ.
ನೀರು ತರೂದ್ರೊಳಗ ಕಟ್ಟಾಗಿತ್ತು.
ಒತ್ತಿದ್ಲೋ, ಬೆರಳು ತಾಗಿತೋ, ಸಿಗ್ನಲ್ಲ ಹೋತೋ.
"ಹೇಳಿದ್ಯಾ ಎಲ್ಲಾ?" ಅಂದೆ.
ತಂಬಿಗಿ ಎತ್ತಿ ಕುಡಿದ್ಲು, ತಳ ಕಾಣೂ ತನಕ.

ಸ್ಕ್ರೀನಿನ ಮ್ಯಾಲೆ ಖಾಲಿ ಚುಕ್ಕಿ, ಎಷ್ಟು ಕೊಡುವಿರಿ ಅಂತ.
"ಎಷ್ಟದಾವ?"
"ಐದು."
"ಎಲ್ಲಾ ಕೊಟ್ಟಬಿಡು. ಪಾಪ, ಅಮ್ಮಾ ಅಂದ್ಲು ನನಗ."

ಆ ವಾರ ಆಕಿ ಮಗ್ಗ ನಡದಿತ್ತು.
ಲಾಳಿ ಓಡೂದು ಕೇಳತಿತ್ತು, ಮೊದಲಿನಂಗ.
ಎಡಗೈಲೆ ಬಡಿಯೂ ಪೆಟ್ಟು ಮಾತ್ರ
ಅರಗಳಿಗಿ ತಡಾ ಮಾಡಿ ಬರತಿತ್ತು.
ನಾ ಟಾಕಿ ಮಗ್ಗಲಕ ಕುಂತ ಬೀಜಗಣಿತ ಕೇಳತಿದ್ದೆ.
ಆ ಸಪ್ಪಳಕ್ಕ ಲೆಕ್ಕ ತಪ್ಪಾಕ ಹತ್ತಿತ್ತು,
ಇಯರ್‌ಫೋನು ಕಿವ್ಯಾಗ ಒತ್ತಿ ಇಟಗೊಂಡೆ.