ಆರು ಚಮಚ

ಮೊಟ್ಟೆ ಏಳು. ಬಿಳಿ ಬೇರೆ, ಹಳದಿ ಬೇರೆ.
ಕೆನೆಯ ಬೋಗುಣಿಯನ್ನು ಕಿಟಕಿಯಾಚೆ ಹಿಮದಲ್ಲಿ ಹೂತು
ಲಿಯೋಬಾ ಓವನ್ನಿನ ಬಾಗಿಲು ಮುಚ್ಚುತ್ತಾಳೆ, ಮೆಲ್ಲಗೆ.
ಸದ್ದಾದರೆ ಕೇಕು ಕುಸಿದು ಕೂತುಬಿಡುತ್ತದೆ,
ಮುನಿಸಿಕೊಂಡ ನಾದಿನಿಯ ಹಾಗೆ.

ಜುಲೈ ತಿಂಗಳ ಹುಳಿ ಚೆರ್ರಿ ಸೀಸೆಯಲ್ಲಿದೆ.
ಅವಳ ಹೇರ್‌ಪಿನ್ನಿನಿಂದ ಒಂದೊಂದರ ಬೀಜ ಕಿತ್ತವನು ಎಬರ್‌ಹಾರ್ಡ್;
ಆ ದಿನವಿಡೀ ಅವನ ಕೈ
ಕೋಳಿ ಕೊಯ್ದು ಬಂದವನ ಕೈ.

ಹೊಲಿಗೆಯ ದಾರ ಸುತ್ತಿ ಎಳೆದರೆ
ಕಪ್ಪು ಕೇಕು ಮೂರು ಪದರ.
ಈಗ ಕಿರ್ಶ್ ಚಿಮುಕಿಸಬೇಕು, ಚೆರ್ರಿಯಿಂದಲೇ ಬಟ್ಟಿ ಇಳಿಸಿದ್ದು.
ಅತ್ತೆಯ ಕೈಬರಹ ಹೇಳುತ್ತದೆ: ಆರು ಚಮಚ.
ಅದನ್ನು ಹೊಡೆದುಹಾಕಿ
ಪೆನ್ಸಿಲಿನಲ್ಲಿ ಮಗ ಬರೆದದ್ದು: ಹತ್ತು.

ಬಟ್ಟಿಯ ತಾಮ್ರದ ಹಂಡೆ ಹಿತ್ತಲಲ್ಲಿದೆ,
ಒಂಬತ್ತು ವರ್ಷದಿಂದ. ಬೇಸಿಗೆಗೆ ಜೆರೇನಿಯಂ,
ಈಗ ಬರೀ ಹಿಮ.
ಬಿಟ್ಟೆ ಅಂತ ಅವನು ಹೇಳಲಿಲ್ಲ,
ಬಿಟ್ಟೆಯಾ ಅಂತ ಇವಳೂ ಕೇಳಲಿಲ್ಲ.
ಚೆರ್ರಿಯ ರಸವನ್ನೇ ಅರ್ಧಕ್ಕಿಳಿಯುವ ತನಕ
ಕುದಿಸಿದಳು, ಅಷ್ಟೆ. ಈಗಲೂ ಅಷ್ಟೆ.

ಮೇಲೆ ಕೆನೆ. ಕೆನೆಯ ಮೇಲೆ ಚಾಕಲೇಟಿನ ತುರಿ,
ಯಾರೋ ಸೌದೆ ಸೀಳಿ ಹೋದ ಜಾಗ.

ಭಾನುವಾರ, ನಾಲ್ಕು ಗಂಟೆ, ಕಾಫಿ.
ಪಕ್ಕದ ಮನೆಯ ಗುಂಡುಲಾ ಒಂದೇ ತುತ್ತಿಗೆ
ಫೋರ್ಕು ಕೆಳಗಿಟ್ಟಳು: ‘ಏನೋ ಕಡಿಮೆಯಾಗಿದೆ,
ಇದು ನಮ್ಮ ಕಣಿವೆಯ ಕೇಕಲ್ಲ.’
ಗಡಿಯಾರಕ್ಕೆ ಮಾತ್ರ ಮಾತಿತ್ತು.

ಎಬರ್‌ಹಾರ್ಡ್ ಹಲ್ಲಿಗೆ ಸಿಕ್ಕಿದ ಬೀಜವೊಂದನ್ನು
ತಟ್ಟೆಯಂಚಿಗೆ ಉಗುಳಿದ. ಟಿಣ್.
‘ತಪ್ಪು ನನ್ನದೇ’ ಎಂದ.
ತಟ್ಟೆಯನ್ನು ಮತ್ತೆ ಅವಳತ್ತ ಚಾಚಿದ.