ಇದು ಬೇಡ ಎಂಬ ಗುರುತು

ಗಾಳಿಕಂಬಗಳು ಇಪ್ಪತ್ತಾರು, ಜೋಗಿಮಟ್ಟಿಯ ಆಚೆ ಮಗ್ಗುಲಿಗೆ.
ಒಂದೊಂದರ ಹೊಟ್ಟೆಯಲ್ಲೂ ಒಂದು ಕಂಪ್ಯೂಟರು,
ಹದಿನಾಲ್ಕು ವರ್ಷದ ಹಳೇ ಲಿನಕ್ಸು.
ಕಂಬ ಮಾಡಿದ ಕಂಪನಿ ಮುಚ್ಚಿದೆ.
ರೆಕ್ಕೆಯ ಮಾತು ಅದಕ್ಕಲ್ಲದೆ
ಬೇರೆ ಯಾವುದಕ್ಕೂ ಬಾರದು.

ಬೇಸಿಗೆಗೆ ಅರ್ಧ ಡಿಸ್ಕು ಸತ್ತವು.
ಎಲ್ಲಕ್ಕೂ ಹೊಸವು ಕೂತವು. ಸರ್ವರಿಗೆ ಹೇಳಿಟ್ಟೆ:
ತಂತಿಯಲ್ಲೇ ಹೋಗು, ಪಾಲು ಮಾಡು, ಗೆರೆ ಹಾಕು,
ಹಳೆಯದನ್ನು ಇಳಿಸು, ಎಬ್ಬಿಸಿ ಬಾ.
ಕಂಬಕಂಬಕ್ಕೂ ಓಡುವುದು ತಪ್ಪಿತೆಂದು
ರೇಷ್ಮಾಬಾನು ಎರಡು ಚಹಾ ತರಿಸಿದಳು.

ಸರ್ವರು ಎಲ್ಲ ಮಾಡಿತು. ಹಸಿರು, ಹಸಿರು, ಹಸಿರು.
ಆಮೇಲೆ ಎದ್ದ ಹಳಬ
ತನ್ನದೇ ಮನೆಯ ಬಾಗಿಲಲ್ಲಿ ನಿಂತು
ಗೊತ್ತಿಲ್ಲದ ಲಕ್ಷಣಗಳಿವೆ, ಒಳಗೆ ಬರಲಾರೆ ಎಂದ.
ಇಪ್ಪತ್ತಾರು ಕಂಬದಿಂದಲೂ ಅದೇ ಒಂದು ಸಾಲು.

ರಾತ್ರಿ ಹನ್ನೊಂದು. ಹೊರಗೆ ಆಷಾಢದ ಗಾಳಿ,
ಕಿಟಕಿಯ ಚಿಲಕ ಹಲ್ಲು ಕಡಿಯುವಂಥದ್ದು.
ರೆಕ್ಕೆಗಳು ಕೈಕಟ್ಟಿ ನಿಂತಿದ್ದವು.

ವಾಚ್‌ಮನ್ ಪಾಲಯ್ಯ ಇಣುಕಿದ:
"ಡಿಸ್ಕು ಕೆಟ್ಟೈತೇನವ್ವ?" ಇಲ್ಲ.
"ಹಳೇದು ಕೆಟ್ಟೈತಾ?" ಅದೂ ಇಲ್ಲ.
"ಮತ್ತೆ?"
ಮತ್ತೆ ಏನೆಂದು ಹೇಳಲಿ. ಖಾತೆ ಬರೆದವನು ಹೊಸಬ,
ಪುಟಪುಟಕ್ಕೂ ಕೂಡಿಸಿ ಮೊತ್ತದ ಮುದ್ರೆ ಒತ್ತುತ್ತಾನೆ,
ಓದುವವನು ಆ ಮುದ್ರೆ ಕಂಡವನೇ ಅಲ್ಲ.
ಪಾಲಯ್ಯ ಬೀಡಿ ಕಿವಿಗೆ ಸಿಕ್ಕಿಸಿಕೊಂಡ:
"ಹೊಸಬಂಗೆ ಹಳೇ ಲೆಕ್ಕ ಬರಾಕಿಲ್ವಾ? ಅವಂಗೇ ಹೇಳವ್ವ."

ಮೂರು ಗಂಟೆಯಿಂದ ನಾನು
ಹಳಬನ ಜೊತೆಗೇ ಗುದ್ದಾಡುತ್ತಿದ್ದೆ.

ಕಮಾಂಡಿನ ಸಾಲಿಗೆ ವಾಪಸು ಹೋದೆ.
ಇದೆಯೊಂದು ಗುರುತು, ಗುಡಿಸಲ ಸೂರಿನ ಹಾಗೆ,
ಹೆಸರಿಗೆ ಮೊದಲು ಇಟ್ಟರೆ ಇದು ಬೇಡ ಎಂದರ್ಥ.
ಮೊತ್ತದ ಮುದ್ರೆ: ಸೂರು. ಅರವತ್ತನಾಲ್ಕರ ಅಗಲ: ಸೂರು.
ಎರಡು ಸಾಲಲಿಲ್ಲ. ಮೂರನೆಯದನ್ನು ಹುಡುಕುವಷ್ಟರಲ್ಲಿ
ಚಹಾದ ಮೇಲೆ ಕೆನೆ ಕಟ್ಟಿತ್ತು.

ಮೊದಲು ಹತ್ತೊಂಬತ್ತನೆಯ ಕಂಬ,
ಯಾಕೋ ಅದರ ಮೇಲೆ ನನಗೆ ಸಲಿಗೆ.
ಗೆರೆ ಅಳಿಸಿ ಗೆರೆ ಹಾಕಿದೆ, ಈ ಸಲ ಒರಟಾಗಿ,
ಮುದ್ರೆಯಿಲ್ಲದೆ, ನಾಳೆ ಒಂದು ಪುಟ ಕೆಟ್ಟರೆ
ಯಾರಿಗೂ ಗೊತ್ತಾಗದ ಹಾಗೆ.

ಹಳಬ ಒಳಗೆ ಬಂದ.
ಸುತ್ತ ನೋಡಲಿಲ್ಲ, ಏನೂ ಕೇಳಲಿಲ್ಲ,
ನೇರ ರೆಕ್ಕೆಯ ಕಡೆಗೇ ನಡೆದ.

ಪಾಲಯ್ಯ ಗುಡ್ಡಕ್ಕೆ ಟಾರ್ಚು ಬಿಟ್ಟ.
ಅಷ್ಟು ದೂರ ಹೋಗುವ ಬೆಳಕಲ್ಲ ಅದು.
"ತಿರುಗ್ತೈತಾ?"
ಕಾಣುತ್ತಿಲ್ಲ, ಕೇಳಿಸುತ್ತಿದೆ ಎಂದೆ.

ಇನ್ನು ಇಪ್ಪತ್ತೈದು.